ನಾಗೇಶ್ ಡಾಕ್ಟರ ಮನೆಯ ಓಕ್ ಕಂಬಗಳು

ಕಳೆದ ತಿಂಗಳು ಷಿಕಾಗೋ ಹತ್ತಿರದ ಲೊಂಬಾರ್ಡಿನಲ್ಲಿರುವ ನನ್ನ ತಂಗಿ ಸಬೀಹಾಳ ಮನೆಗೆ ಹೋಗಿದ್ದೆ. ಅವಳ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಯಾರೋ ಒಬ್ಬ ಮೆಟ್ಟಿಲಿಗೆಂದು ಓಕ್ ಹಲಗೆ ಕೊಯ್ಯುತ್ತಿದ್ದ. ಕಾರಿನ ಬಾಗಿಲು ತೆಗೆಯುತ್ತಲೇ ಆ ವಾಸನೆ ಮೂಗಿಗೆ ಹೊಡೆಯಿತು. ತೇಗ ಕೊಯ್ದರೆ ಎಣ್ಣೆಯ ವಾಸನೆ ಬರುತ್ತದೆ, ಓಕ್ ಕೊಯ್ದರೆ ಹುಳಿ ಹುಳಿ, ವಿನೆಗರ್ ಬಾಟಲಿ ತೆಗೆದ ಹಾಗೆ.

"ಯಾಕ್ ಆಪಾ, ಮುಖ ಹಂಗ್ ಮಾಡ್ಕೊಂಡೆ?" ಅಂದಳು ಸಬೀಹಾ.

"ನಾಗೇಶ್ ಡಾಕ್ಟ್ರು ನೆನಪಾದ್ರು ಕಣೇ."

"ಥೂ, ಊಟಕ್ ಮುಂಚೆ ಯಾರನ್ನ ನೆನೆಸ್ಕೊಂಡೆ!"

ಸಬೀಹಾ ಅವರನ್ನು ನೋಡಿದ್ದು ಒಂದೇ ಸಲ, ಅವರ ಮಗಳ ಮದುವೆಯಲ್ಲಿ. ಅಷ್ಟೇ ಸಾಕಾಗಿತ್ತು. ನಾನಾದರೆ ಒಂದು ಇಡೀ ಬೇಸಿಗೆ ಆ ಮನುಷ್ಯನ ಜೊತೆ ಏಗಿದವಳು.

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಕಟ್ಟಡದಲ್ಲಿ ಯಾವುದು ಭಾರ ಹೊರುತ್ತದೆ, ಯಾವುದು ಸುಮ್ಮನೆ ನಿಂತಿದೆ ಎಂದು ಹೇಳುವುದು ನನ್ನ ಕೆಲಸ. ನಮ್ಮ ಅಬ್ಬಾ ಹುಣಸೂರಿನಲ್ಲಿ ಮರದ ಡಿಪೋ ಇಟ್ಟಿದ್ದವರು. ಹೊನ್ನೆ, ಮತ್ತಿ, ತೇಗದ ದಿಮ್ಮಿಗಳ ಮೇಲೆ ಕೂತೇ ನಾನು ಹೋಂವರ್ಕ್ ಮಾಡಿದ್ದು. ಆ ವರ್ಷ ಕಂಪನಿಯ ಕೆಲಸ ಬಿಟ್ಟು, ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಸ್ವಂತ ಆಫೀಸು ಶುರು ಮಾಡಿದ್ದೆ. ಆಫೀಸು ಎಂದರೆ ಒಂದು ಮೇಜು, ಒಂದು ಪ್ರಿಂಟರು, ನನ್ನ ಹೆಸರಿನ ಲೈಸೆನ್ಸ್ ಸೀಲು. ಕೆಲಸ ಕೊಡುವವರು ಯಾರಿದ್ದಾರೆ ಎಂದು ಕಾಯುತ್ತಿದ್ದಾಗಲೇ ನಾಗೇಶ್ ಡಾಕ್ಟರ ಫೋನು ಬಂದದ್ದು.

ಡಾಕ್ಟರು ಬೆಂಗಳೂರಿನವರು, ಹೃದಯದ ಡಾಕ್ಟರು. ಇಲ್ಲಿನ ಕನ್ನಡಿಗರಲ್ಲಿ ಅವರ ಪರಿಚಯ ಇಲ್ಲದವರಿಲ್ಲ. ಅವರು ಪರಿಚಯ ಇಲ್ಲದೆ ಇರಲು ಬಿಡುವುದಿಲ್ಲ. ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ನನ್ನನ್ನು ಕಂಡಾಗಲೆಲ್ಲ ಹೆಗಲ ಮೇಲೆ ಕೈ ಹಾಕಿ, "ನಮ್ಮ ರಜಿಯಾ! ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾಳೆ ನೋಡಿ" ಎಂದು ನಾಲ್ಕು ಜನಕ್ಕೆ ತೋರಿಸುತ್ತಿದ್ದರು. ಹುಣಸೂರಿನಲ್ಲಿ ಹುಟ್ಟಿದವಳು ಕನ್ನಡ ಮಾತಾಡದೆ ಜಪಾನೀ ಮಾತಾಡಬೇಕಿತ್ತೇ? ಹಲ್ಲು ಕಿರಿದು ಮುಂದೆ ಹೋಗುತ್ತಿದ್ದೆ.

ಡೆಟ್ರಾಯಿಟ್ ಸುತ್ತಮುತ್ತ ಟ್ಯೂಡರ್ ಮನೆಗಳಿಗೇನೂ ಬರವಿಲ್ಲ. ಇಂಗ್ಲೆಂಡಿನ ಹಳೆಯ ಜಮೀನ್ದಾರರ ಮರದ ಮನೆಗಳ ನಕಲು ಇವು. ಪ್ಲೈವುಡ್ಡಿನ ಗೋಡೆ, ಅದರ ಮೇಲೆ ಸಿಮೆಂಟಿನ ಬಿಳಿ ಲೇಪ, ಅದರ ಮೇಲೆ ಕಂದು ಬಣ್ಣ ಬಳಿದ ಒಂದಿಂಚಿನ ಪಟ್ಟಿ. ಆ ಪಟ್ಟಿ ಏನನ್ನೂ ಹೊರುವುದಿಲ್ಲ. ನಾಲ್ಕು ಮೊಳೆ ಅದನ್ನು ಹೊತ್ತುಕೊಂಡಿರುತ್ತವೆ. ಲಿವೋನಿಯಾ ಎಂಬ ಊರಿನ ಇಂಥದ್ದೇ ಮನೆಗಳ ಒಂದು ಬಡಾವಣೆಯಲ್ಲಿ ಡಾಕ್ಟರು ಇಪ್ಪತ್ತು ವರ್ಷ ಇದ್ದರು. ಒಂದು ಚಳಿಗಾಲದಲ್ಲಿ ಪಟ್ಟಿ ಬಿದ್ದುಹೋದಾಗ ತಾವೇ ಗೋಂದು ಹಚ್ಚಿ ಅಂಟಿಸಿದ್ದನ್ನು ದೊಡ್ಡ ಪ್ರತಾಪದ ಹಾಗೆ ಹೇಳಿಕೊಳ್ಳುತ್ತಿದ್ದರು. ಮಗಳು ಅನಘಾಳ ಮದುವೆ ಗೊತ್ತಾದ ವರ್ಷ ಆ ಮನೆ ಮಾರಿ, ಉತ್ತರಕ್ಕೆ ಮೂವತ್ತು ಮೈಲಿ ದೂರದಲ್ಲಿ, ಕೆರೆಗಳಿರುವ ಕಡೆ, ಎರಡು ಎಕರೆಯ ನಡುವೆ ನಿಂತಿದ್ದ ಒಂದು ಭಾರಿ ಮನೆ ಕೊಂಡರು. ಕೊಂಡ ಮಾರನೇ ದಿನದಿಂದ ಅದು 'ಮ್ಯಾನರ್' ಆಯಿತು, ಅಂದರೆ ಜಮೀನ್ದಾರರ ಬಂಗಲೆ. "ಮ್ಯಾನರ್‌ಗೆ ಬನ್ನಿ, ಮ್ಯಾನರ್‌ನಲ್ಲಿ ಸಿಗೋಣ." ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಹಿಮ ಕರಗಿ ಕೆಸರಾಗುವ ಹೊತ್ತಿನಲ್ಲಿ. ಬೂಟಿನ ತುಂಬ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ನಿಂತು ಮನೆ ನೋಡಿದೆ. ನಗು ಬಂತು. ಎಡಕ್ಕೂ ಬಲಕ್ಕೂ ಚಾಚಿಕೊಂಡ ಭಾಗಗಳೆರಡೂ ಅಪ್ಪಟ ಬೂಸಿ: ಒಳಗೆ ಇಟ್ಟಿಗೆ, ಮೇಲೆ ಪಟ್ಟಿ. ಮೊದಲು ಕಟ್ಟಿಸಿದವನು ಕಾರಿನ ಬಾಗಿಲ ಹಿಡಿ ಮಾಡಿ ದುಡ್ಡು ಕಂಡವನಂತೆ. ದುಡ್ಡು ಬಂದ ಮೇಲೆ ಅವನಿಗೆ ವಂಶ ಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಬೀಳುತ್ತಿದ್ದ, ನಾನೂರು ವರ್ಷ ಹಳೆಯ ಒಂದು ಹಳ್ಳಿಮನೆಯ ದೊಡ್ಡ ಹಾಲನ್ನು, ಅಂದರೆ ನಡುಮನೆಯನ್ನು, ಕೀಲು ಕೀಲು ಬಿಚ್ಚಿಸಿ, ಹಡಗಿನಲ್ಲಿ ತರಿಸಿ, ನಡುವೆ ನಿಲ್ಲಿಸಿ, ಅದರ ಎರಡೂ ಪಕ್ಕಕ್ಕೆ ಈ ಸುಳ್ಳುಗಳನ್ನು ಅಂಟಿಸಿದ್ದ. ಬೇರೆಯವರ ತಾತನ ಫೋಟೋ ತಂದು ತನ್ನ ಗೋಡೆಗೆ ಹಾಕಿಕೊಂಡವನ ಬುದ್ಧಿ.

ಆದರೆ ಆ ಹಾಲಿನೊಳಗೆ ಕಾಲಿಟ್ಟಾಗ ನಗು ನಿಂತಿತು. ಎರಡಾಳು ತಬ್ಬಬೇಕಾದಂಥ ಓಕ್ ಕಂಬಗಳು, ಅವುಗಳ ಮೇಲೆ ಇಡೀ ಹಾಲಿಗೆ ಅಡ್ಡಲಾಗಿ ಒಂದೇ ಮರದ ತೊಲೆ, ಅದರ ಮೇಲೆ ಸೂರು. ಒಂದು ಕಬ್ಬಿಣದ ಮೊಳೆ ಇಲ್ಲ. ಒಂದು ಮರದ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಮರದ್ದೇ ಗೂಟ ಹೊಡೆದು ಬಿಗಿದಿದ್ದರು. ಕಂಬಕ್ಕೂ ತೊಲೆಗೂ ನಡುವೆ ಬಿಲ್ಲಿನ ಹಾಗೆ ಬಾಗಿದ ಓರೆಮರಗಳು. ಮನೆ ಪಕ್ಕಕ್ಕೆ ವಾಲದಂತೆ ಹಿಡಿಯುವವು ಅವೇ. ಆ ಬಾಗು ಕೆತ್ತಿದ್ದಲ್ಲ, ಹಾಗೆ ಬೆಳೆದ ಮರವನ್ನೇ ಹುಡುಕಿ ತಂದದ್ದು. ಪ್ರತಿ ಕೀಲಿನ ಹತ್ತಿರವೂ ಯಾವುದು ಯಾವುದಕ್ಕೆ ಸೇರಬೇಕೆಂದು ಬಡಗಿಗಳು ಉಳಿಯಿಂದ ಗೀರಿದ ಗುರುತು. ನಾನು ಕಂಬಕ್ಕೆ ಕೆನ್ನೆ ಒತ್ತಿ ನಿಂತೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು. ಈ ದೇಶಕ್ಕೆ ಬಂದ ಮೇಲೆ ನನಗೆ ಅಷ್ಟು ಇಷ್ಟವಾದ ವಸ್ತು ಇನ್ನೊಂದಿಲ್ಲ.

ಹಾಲಿನ ಒಂದು ಮೂಲೆಯಲ್ಲಿ ಹಳೆಯ ಗೋಡೆಯ ಒಂದು ತುಂಡನ್ನು ಗಾಜು ಹಾಕಿ ಉಳಿಸಿದ್ದರು. ಹೆಣೆದ ಕಡ್ಡಿ, ಅದಕ್ಕೆ ಮೆತ್ತಿದ ಮಣ್ಣು. ಡಾಕ್ಟರ ಹೆಂಡತಿ ವಿಜಯಾ ಆಂಟಿ ಕಾಫಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತರು. ಮೈಸೂರಿನವರು, ಮಾತು ಕಡಿಮೆ.

"ಇದೇನಮ್ಮ ರಜಿಯಾ, ಇದ್ರೊಳಗೆ?"

"ಜೇಡಿಮಣ್ಣು, ಹುಲ್ಲು, ಸಗಣಿ ಆಂಟಿ."

"ಸಗಣಿನಾ? ಇಂಗ್ಲಿಷ್ನೋರ ಮನೇಲಾ?" ಕಾಫಿ ತುಳುಕುವಷ್ಟು ನಕ್ಕರು. "ಅಯ್ಯೋ, ನಮ್ಮಜ್ಜಿ ಮನೆ ಹಿತ್ಲು ಗೋಡೆನೂ ಹಿಂಗೇ ಇತ್ತು ಕಣೆ. ಇವ್ರಿಗೆ ಹೇಳ್ಬೇಡ, ಇದನ್ನೂ ಒಡೆಸ್ಬಿಡ್ತಾರೆ."

ಆ 'ಇದನ್ನೂ' ಯಾಕೆ ಎಂದು ಐದು ನಿಮಿಷದಲ್ಲಿ ಗೊತ್ತಾಯಿತು. ಡಾಕ್ಟರು ಬಂದು ಹಾಲಿನ ನಡುವೆ ನಿಂತು ಎರಡು ಕಂಬಗಳನ್ನು ಬೆರಳು ಮಾಡಿ ತೋರಿಸಿದರು. ಅಕ್ಟೋಬರಿನಲ್ಲಿ ಅನಘಾಳ ಮದುವೆ ಇದೇ ಹಾಲಿನಲ್ಲಿ. ಮಂಟಪ ಆ ಕೊನೆಗೆ, ವಿಡಿಯೋದವನು ಈ ಕೊನೆಗೆ. ನಡುವೆ ಈ ಎರಡು ಕಂಬ ಅಡ್ಡ ಬರುತ್ತವೆ.

"ಇವೆರಡೂ ತೆಗೆಸ್ಬಿಡೋಣ. ನೀನು ಡೆಕೋರೇಟಿವ್ ಅಂತ ಒಂದು ಲೆಟರ್ ಬರ್ದು ಸೀಲ್ ಹಾಕ್ಕೊಡು, ಸಿಟಿಯೋರು ಪರ್ಮಿಟ್ ಕೊಡ್ತಾರೆ."

"ಅಂಕಲ್, ಇವು ಡೆಕೋರೇಟಿವ್ ಅಲ್ಲ. ಸೂರು ನಿಂತಿರೋದೇ ಇವುಗಳ ಮೇಲೆ."

"ಲಿವೋನಿಯಾ ಮನೇಲೂ ಇತ್ತಲ್ಲಮ್ಮ ಇದೇ. ಒಂದ್ಸಲ ಕಳಚಿ ಬಿದ್ದೇ ಹೋಗಿತ್ತು. ಏನಾಯ್ತು? ಏನೂ ಆಗ್ಲಿಲ್ಲ."

"ಅದು ಅಂಟ್ಸಿದ್ ಪಟ್ಟಿ ಅಂಕಲ್. ಇದು ಮರ."

ಅವರು ಬೆರಳ ಗೆಣ್ಣಿನಿಂದ ಕಂಬವನ್ನು ಟಕ್ ಟಕ್ ಎಂದು ಬಡಿದರು, ರೋಗಿಯ ಎದೆ ತಟ್ಟುವ ಹಾಗೆ. "ಹಾಲೋ," ಅಂದರು.

ನಾನೂರು ವರ್ಷ ಒಣಗಿ ಕಬ್ಬಿಣವಾಗಿದ್ದ ಓಕ್ ಮರ ಟೊಳ್ಳಂತೆ! ಆ ಮನುಷ್ಯನ ಕೈಯಲ್ಲಿ ಜನ ತಮ್ಮ ಹೃದಯ ಕೊಡುತ್ತಾರಲ್ಲ ಎಂದು ನನಗೆ ಮೈ ಉರಿಯಿತು. ಇಪ್ಪತ್ತು ವರ್ಷ ಸುಳ್ಳು ಮರದ ನಡುವೆ ಬದುಕಿದವರಿಗೆ ನಿಜವಾದ ಮರ ಎದುರಿಗೆ ನಿಂತರೂ ಗುರುತು ಸಿಗಲಿಲ್ಲ. ಗುರುತು ಬೇಕಾಗಿಯೂ ಇರಲಿಲ್ಲ. ಸೀಲು ಹಾಕುವುದಿಲ್ಲ ಎಂದು ಹೇಳಿ ಬಂದೆ. ಕೆಸರಿನಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ, ಆ ಕಂಬಗಳಿಗೆ ಗರಗಸ ತಾಗಿದರೆ ನನಗೆ ನಿದ್ದೆ ಬರುವುದಿಲ್ಲ ಎಂದು ಗೊತ್ತಾಗಿಹೋಗಿತ್ತು.

ಮುಂದಿನ ಪಾಟ್‌ಲಕ್ಕಿನಲ್ಲಿ 'ನಮ್ಮ ರಜಿಯಾ' ಮಾಯವಾಗಿದ್ದಳು. "ಆ ಹುಡುಗಿಗೆ ಎಕ್ಸ್‌ಪೀರಿಯನ್ಸ್ ಸಾಲ್ದು, ಬರೀ ಥಿಯರಿ" ಎಂದು ಡಾಕ್ಟರು ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ಬೀಳಲಿ ಎಂದೇ ಹೇಳಿದ್ದು. ಕಿಚನ್ ದೊಡ್ಡದು ಮಾಡಿಸಬೇಕು, ಡೆಕ್ ಹಾಕಿಸಬೇಕು ಎಂದು ನನ್ನನ್ನು ಕೇಳಿದ್ದ ಇಬ್ಬರು ಆಮೇಲೆ ಫೋನು ಎತ್ತಲಿಲ್ಲ. ಎಲ್ಲರೂ ಓದಿದವರು, ಒಬ್ಬೊಬ್ಬರ ಹೆಸರಿನ ಮುಂದೆಯೂ ಅರ್ಧ ಗಜ ಡಿಗ್ರಿ. ಒಬ್ಬರಿಗಾದರೂ ಹೋಗಿ ಒಂದು ಸಲ ಆ ತೊಲೆಯನ್ನು ತಲೆಯೆತ್ತಿ ನೋಡಬೇಕೆನ್ನಿಸಲಿಲ್ಲ. ಡಾಕ್ಟರು ಹೇಳಿದ ಮೇಲೆ ಮುಗಿಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ವಿಜಯಾ ಆಂಟಿಯ ಫೋನು ಬಂತು. ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು.

"ರಜಿಯಾ, ಇವ್ರು ಪರ್ಮಿಟ್ಟೂ ಇಲ್ಲ ಏನೂ ಇಲ್ಲ, ಯಾರನ್ನೋ ಕರ್ಸಿದಾರೆ. ಗರಗಸದ ಸದ್ದು ಕೇಳ್ತಾ ಇದೆ. ನಂಗ್ಯಾಕೋ ಭಯ ಆಗ್ತಿದೆ. ಬಾಮ್ಮ ಸ್ವಲ್ಪ."

ಹೆದ್ದಾರಿಯಲ್ಲಿ ಮೂರು ಎಕ್ಸಿಟ್ ದಾಟಿದ್ದು ನನಗೆ ನೆನಪೇ ಇಲ್ಲ. ಹಾಲಿನೊಳಗೆ ಹೊಗೆ, ಹುಳಿ ವಾಸನೆ. ಏಣಿಯ ಮೇಲಿದ್ದವನು ಮೊದಲು ಓರೆಮರಕ್ಕೆ ಕೈ ಹಾಕಿದ್ದ. ಬ್ಲೇಡು ಎರಡು ಸಲ ಸುಟ್ಟುಹೋಗಿ ಮೂರನೆಯದಕ್ಕೆ ಆ ಓರೆಮರ ತುಂಡಾಗಿತ್ತು. ಹಾಲೋ ಅಂದವರು ಅಲ್ಲೇ ನಿಂತು ನೋಡುತ್ತಿದ್ದರು. ಏಣಿಯವನಿಗೆ, ಇನ್ನೊಂದು ಕೊಯ್ದರೆ ಸೂರು ನಿನ್ನ ತಲೆಯ ಮೇಲೇ ಬರುತ್ತದೆ ಎಂದು ಕೂಗಿದೆ. ಅವನು ಮೇಲೆ ನೋಡಿದ, ಕೈಯಲ್ಲಿದ್ದ ಗರಗಸ ನೋಡಿದ, ಇಳಿದು ಸಾಮಾನು ಕಟ್ಟಿಕೊಂಡು ಹೊರಟುಹೋದ. ಡಾಕ್ಟರು ನನ್ನ ಮೇಲೆ ಹಾರಾಡಿದರು. ನಾನೂ ಬಿಡಲಿಲ್ಲ. ಹಿರಿಯರು ಎಂದು ಅಲ್ಲಿಯವರೆಗೆ ನುಂಗಿಕೊಂಡದ್ದನ್ನೆಲ್ಲ ಅವತ್ತು ಕಕ್ಕಿದೆ.

ಅವರು ಬೇರೆಯವನನ್ನು ಕರೆಸುತ್ತಿದ್ದರೋ ಏನೋ. ಆದರೆ ಜೂನಿನಲ್ಲಿ ಹಾಲಿನಿಂದ ಮೇಲಿನ ಕೋಣೆಗೆ ಹೋಗುವ ಬಾಗಿಲು ಹಿಡಿದುಕೊಳ್ಳಲು ಶುರುವಾಯಿತು. "ಹ್ಯುಮಿಡಿಟಿ," ಅಂದರು ಡಾಕ್ಟರು. ಬಾಗಿಲಿನ ಅಂಚು ತರೆಸಿದರು. ಎರಡು ವಾರಕ್ಕೆ ಮತ್ತೆ ಹಿಡಿಯಿತು. ಮತ್ತೆ ತರೆಸಿದರು. ಜುಲೈನಲ್ಲಿ, ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟಿನ ಒಂದು ಮಧ್ಯಾಹ್ನ, ಬಟ್ಟೆ ಬದಲಿಸಲು ಮೇಲೆ ಹೋದ ಅನಘಾ ಒಳಗೇ ಸಿಕ್ಕಿಕೊಂಡಳು. ವಿಜಯಾ ಆಂಟಿ ಗಾಬರಿಯಿಂದ ಫೋನು ಮಾಡಿದಾಗ ಅವಳ ಕೂಗಾಟ ನನಗೂ ಕೇಳುತ್ತಿತ್ತು: "ಡ್ಯಾಡ್, ದಿಸ್ ಹೌಸ್ ಈಸ್ ಮೂವಿಂಗ್!" ಹುಡುಗಿಗೆ ಅರ್ಥವಾದದ್ದು ಅಪ್ಪನಿಗೆ ಆಗಿರಲಿಲ್ಲ. ಬಾಗಿಲು ಉಬ್ಬಿರಲಿಲ್ಲ. ಹಿಡಿದಿದ್ದ ಓರೆಮರ ಹೋದ ಮೇಲೆ ಹಾಲು ಆ ಕಡೆಗೆ ಕೂದಲೆಳೆ ಕೂದಲೆಳೆಯಾಗಿ ವಾಲುತ್ತಿತ್ತು, ಚೌಕಟ್ಟು ಓರೆಯಾಗುತ್ತಿತ್ತು. ನಾನು ಹೋಗಿ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು, ಕಂಬ ಎಷ್ಟು ವಾಲಿದೆ ಎಂದು ತೋರಿಸಿದೆ. ಡಾಕ್ಟರು ಆ ದಾರವನ್ನು ತಾವೇ ಎರಡು ಸಲ ಹಿಡಿದು ನೋಡಿದರು.

ಅವರಿಗೆ ಬಂದದ್ದು ಭಯ, ಬುದ್ಧಿಯಲ್ಲ. ತುಂಡಾದ ಓರೆಮರಕ್ಕೆ ಎರಡೂ ಕಡೆ ಉಕ್ಕಿನ ತಗಡು ಕೊಟ್ಟು ಬೋಲ್ಟು ಹಾಕಿಸಿದೆ. ವಾಲುವುದು ನಿಂತಿತು. ಕಂಬ ಇರಲಿ ಎಂದು ಒಪ್ಪಿದರು. ಆದರೆ ಆ ಕಪ್ಪು ಮರ, ಆ ಉಕ್ಕಿನ ತೇಪೆ ವಿಡಿಯೋದಲ್ಲಿ ಅಸಹ್ಯವಾಗಿ ಕಾಣುತ್ತದಂತೆ. ಹಾಗಾಗಿ ಕಂಬ, ತೊಲೆ, ಓರೆಮರ, ಎಲ್ಲಕ್ಕೂ ಸುತ್ತ ಡ್ರೈವಾಲ್ ಎಂಬ ಸುಣ್ಣದ ಹಲಗೆ ಹೊದಿಸಿ ಬಿಳಿ ಬಣ್ಣ ಬಳಿಸಿದರು. ನಾನು ಬೇಡವೆನ್ನಲಿಲ್ಲ. ಡಬ್ಬದೊಳಗಾದರೂ ಬದುಕಿರಲಿ ಅಂದುಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಸೆಪ್ಟೆಂಬರಿನಲ್ಲಿ ಮದುವೆಯ ಡೆಕೋರೇಟರ್ ಬಂದು, ಹೊರಗೆಲ್ಲ ಟ್ಯೂಡರ್, ಒಳಗೆ ಬಿಳೀ ಆಸ್ಪತ್ರೆಯ ಹಾಗಿದೆಯಲ್ಲ ಅಂದಳಂತೆ. ತಗೋ, ಅಂಗಡಿಯಿಂದ ಫೋಮಿನ ತೊಲೆಗಳು ಬಂದವು. ಓಕ್ ಮರದ ಬಣ್ಣ, ಅಚ್ಚಿನಲ್ಲಿ ಒತ್ತಿದ ಗಂಟು, ಹುಳು ತಿಂದ ತೂತು ಕೂಡ. ಒಂದು ಕೈಯಲ್ಲಿ ಎತ್ತಬಹುದು. ಅವುಗಳನ್ನು ಡ್ರೈವಾಲಿನ ಮೇಲೆ ಗೋಂದು ಹಚ್ಚಿ ಅಂಟಿಸಿದರು. ನಾನೂರು ವರ್ಷದ ಓಕ್, ಅದರ ಮೇಲೆ ಸುಣ್ಣದ ಹಲಗೆ, ಅದರ ಮೇಲೆ ಓಕ್ ಮರದ ವೇಷ ಹಾಕಿದ ಫೋಮು. ಯಾ ಅಲ್ಲಾ, ಇದನ್ನು ನೋಡಲು ನಮ್ಮ ಅಬ್ಬಾ ಬದುಕಿಲ್ಲವಲ್ಲ ಎಂದು ಸಮಾಧಾನಪಟ್ಟೆ.

ಮದುವೆಗೆ ಸಬೀಹಾ ಕೂಡ ಬಂದಿದ್ದಳು. ಜನ ಜಾತ್ರೆಯ ಹಾಗೆ ಸೇರಿತ್ತು. ರೇಷ್ಮೆ ಸೀರೆಯವರೂ ಷೇರ್ವಾನಿಯವರೂ ಫೋಮನ್ನು ತಟ್ಟಿ ನೋಡಿ, "ಎಷ್ಟು ಒರಿಜಿನಲ್ಲು!" ಎಂದು ಫೋಟೋ ತೆಗೆಸಿಕೊಂಡರು. ಡಾಕ್ಟರು ಜರಿಪೇಟ ಸುತ್ತಿಕೊಂಡು, "ಎಲ್ಲ ಇಂಗ್ಲೆಂಡಿಂದ ತರ್ಸಿದ್ದು" ಎಂದು ಬೀಗರಿಗೆ ತೋರಿಸುತ್ತಿದ್ದರು. ಸುಳ್ಳನ್ನು ಮುಟ್ಟಿ ನಿಜ ಹೇಳುತ್ತಿದ್ದರು, ಅದೂ ಗೊತ್ತಿಲ್ಲದೆ.

ಎರಡು ವರ್ಷ ಕಳೆಯಿತು. ಅನಘಾ ದೂರ ಹೋದಳು, ಅಷ್ಟು ದೊಡ್ಡ ಮನೆ ಬೇಜಾರು ಬಂತು, ಡಾಕ್ಟರು ಮಾರಲು ಹೊರಟರು. ಅವರ ಫೋನು ಬಂದಾಗ ನಾನು ಹೆಸರು ನೋಡಿ ಎರಡು ಸಲ ಬಿಟ್ಟೆ. ಮೂರನೇ ಸಲ ಎತ್ತಿದೆ.

"ನಮ್ಮ ರಜಿಯಾ! ಹೇಗಿದೀಯಮ್ಮ?"

ವಿಷಯ ಇಷ್ಟು. ಕೊಳ್ಳುವವರು ಇಬ್ಬರಿದ್ದರು. ಒಬ್ಬ ಬಿಲ್ಡರು, ಅವನು ಮನೆಯನ್ನು ಬುಲ್ಡೋಜರಿನಿಂದ ಕೆಡವಿ ಆ ಜಾಗದಲ್ಲಿ ಹೊಸ ಮನೆಗಳನ್ನು ಎಬ್ಬಿಸುವವನು. ಇನ್ನೊಬ್ಬರು ಷಿಕಾಗೋದ ಒಬ್ಬ ವಯಸ್ಸಾದ ಹೆಂಗಸು, ಇತಿಹಾಸದ ಟೀಚರಾಗಿದ್ದವರು. ಹೆಚ್ಚು ಕೊಡಲು ತಯಾರಿದ್ದರು, ಹಾಲು ನಿಜವಾದದ್ದಾದರೆ ಮಾತ್ರ. ಆಕೆ ಬಂದು ತಟ್ಟಿ ನೋಡಿದ್ದರು, ಟೊಳ್ಳು ಅಂದಿದ್ದರು. ಈ ಸಲ ಅದು ಟೊಳ್ಳೇ.

"ನೀನು ಬಂದು ಒರಿಜಿನಲ್ ಅಂತ ಸೀಲ್ ಹಾಕ್ಕೊಟ್ರೆ ಸಾಕಮ್ಮ," ಅಂದರು ಡಾಕ್ಟರು. ಅದೇ ಬಾಯಿ, ಅದೇ ಸೀಲು.

ಫೋನು ಎಸೆಯಬೇಕೆನ್ನಿಸಿತು. ಆದರೆ ನಾನು ಹೋಗದಿದ್ದರೆ ಬುಲ್ಡೋಜರು ಹೋಗುತ್ತದೆ. ಈ ಮನುಷ್ಯನಿಗೆ ಉಪಕಾರ ಮಾಡದೆ ಆ ಕಂಬಗಳನ್ನು ಉಳಿಸುವ ದಾರಿ ಇರಲಿಲ್ಲ. ಬರುತ್ತೇನೆ, ಆದರೆ ಕಾಗದದಲ್ಲಿ ಏನೂ ಹೇಳುವುದಿಲ್ಲ, ಒಡೆದೇ ತೋರಿಸುವುದು ಅಂದೆ.

ಆ ಶನಿವಾರ ಹಾಲಿನಲ್ಲಿ ನಾವು ನಾಲ್ವರು: ಡಾಕ್ಟರು, ವಿಜಯಾ ಆಂಟಿ, ಷಿಕಾಗೋದ ಆ ಹೆಂಗಸು, ನಾನು. ಫೋಮು ಎಳೆದರೆ ಸಿಪ್ಪೆಯ ಹಾಗೆ ಬಂತು. ಡ್ರೈವಾಲನ್ನು ಕೈಗರಗಸದಿಂದ ಕೊಯ್ದು ಹಲಗೆ ಹಲಗೆಯಾಗಿ ಕಿತ್ತೆ. ಬಿಳಿ ಧೂಳು ಕೆಳಗಿಳಿದ ಮೇಲೆ ಒಳಗೆ ಕಂಬ ನಿಂತಿತ್ತು, ಕಪ್ಪಗೆ, ಏನೂ ಆಗದ ಹಾಗೆ. ಗುರುತುಗಳು ಇದ್ದವು, ಗೂಟಗಳು ಇದ್ದವು. ಆ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಐ ಆಲ್ವೇಸ್ ಸೆಡ್ ಇಟ್ ವಾಸ್ ರಿಯಲ್," ಅಂದರು ಡಾಕ್ಟರು.

ಏಣಿ ಹತ್ತಿ ಮೇಲಿನದನ್ನೂ ತೆಗೆದೆ. ತುಂಡಾದ ಓರೆಮರವೂ ಅದರ ಉಕ್ಕಿನ ತೇಪೆಯೂ ಹೊರಬಿದ್ದವು. ಆಕೆ ಅದನ್ನು ನೋಡಿ ಬೆಚ್ಚಿದರು. ಕೊಯ್ದ ಮರದ ಮುಖ ಇನ್ನೂ ಹೊಸದಾಗಿಯೇ ಇತ್ತು. ಇದನ್ನು ಕತ್ತರಿಸಿದವರು ಯಾರು ಎಂದು ಕೇಳಿದರು.

"ಪ್ರೀವಿಯಸ್ ಓನರ್ಸ್," ಅಂದರು ಡಾಕ್ಟರು, ರೆಪ್ಪೆ ಕೂಡ ಮಿಟುಕಿಸದೆ.

ಬಾಯಿಗೆ ಬಂದದ್ದನ್ನು ಹಲ್ಲಿನಲ್ಲಿ ತಡೆದುಕೊಂಡೆ. ನಾನು ಅಲ್ಲ ಎಂದರೆ ಆಕೆ ಬೇಸತ್ತು ಹೊರಟುಹೋಗಬಹುದು. ಹೋದರೆ ಕಂಬಗಳ ಕಥೆ ಮುಗಿಯಿತು. ಸುಮ್ಮನಿದ್ದರೆ ಈ ಹಸಿ ಸುಳ್ಳಿಗೆ ನಾನೂ ಸಾಕ್ಷಿ.

"ನೋ," ಅಂದರು ವಿಜಯಾ ಆಂಟಿ. "ಹೀ ಡಿಡ್. ಫಾರ್ ಎ ವೆಡ್ಡಿಂಗ್ ವಿಡಿಯೋ."

"ವಿಜಯಾ!"

"ಏನ್ ವಿಜಯಾ? ಸಾಕು ಸುಮ್ನಿರಿ. ಕುತ್ಗೆ ಕೊಯ್ಸ್ಕೊಂಡೂ ನಮ್ಮನ್ನ ಇಷ್ಟ್ ದಿನ ಹೊತ್ಕೊಂಡ್ ನಿಂತಿದೆ. ಅದ್ರ್ ಎದ್ರಿಗಾದ್ರೂ ಸುಳ್ ಹೇಳ್ಬೇಡಿ."

ಆ ಹೆಂಗಸಿಗೆ ಕನ್ನಡ ಅರ್ಥವಾಗಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿ, ಏನು ಹೇಳಿದರು ಎಂದು ಕೇಳಿದರು. ಡಾಕ್ಟರೂ ನನ್ನನ್ನೇ ನೋಡುತ್ತಿದ್ದರು. ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ವಿಜಯಾ ಆಂಟಿಯ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡು, ಮನೆ ತಾವೇ ತೆಗೆದುಕೊಳ್ಳುವುದಾಗಿ ಹೇಳಿದರು. ಆಮೇಲೆ ನನ್ನನ್ನು, ಓರೆಮರಕ್ಕೆ ಹೊಸ ಓಕ್ ಸೇರಿಸಿ ಸರಿಮಾಡಬಹುದೇ ಎಂದು ಕೇಳಿದರು. ಆಗುತ್ತದೆ ಅಂದೆ. ಡಾಕ್ಟರನ್ನು ಯಾರೂ ಏನೂ ಕೇಳಲಿಲ್ಲ.